ಕಡಲಿನ ಮೀನು ಯಾರದು?

ಬಲೆಗೆ ಬಿದ್ದ ಮೀನು ಬಲೆ ಬೀಸಿದವನದು. ಬೀಳುವುದಕ್ಕಿಂತ ಮೊದಲು ಅದು ಯಾರದಾಗಿತ್ತು? ಕಡಲಿಗೆ ಬೇಲಿಯಿಲ್ಲ, ಪಹಣಿ ಪತ್ರವಿಲ್ಲ. ಸಮುದ್ರದ ಬೇಟೆಯು ನಮಗೆ ಹಲಾಲ್ ಎಂಬುದು ಪವಿತ್ರ ಕುರ್‌ಆನಿನ ಅಲ್ ಮಾಇದಃ ಅಧ್ಯಾಯದಿಂದ ಸ್ಪಷ್ಟವಾಗಿದೆ. ಹೀಗಿರುವಾಗ ‘ಇಲ್ಲಿ ಮೀನು ಹಿಡಿಯಬಾರದು’ ಎನ್ನಲು ಯಾರಿಗೆ ಹಕ್ಕಿದೆ? ಅಲ್ಲಾಹನು ತೆರೆದಿಟ್ಟ ಬಾಗಿಲನ್ನು ಮನುಷ್ಯನು ಮುಚ್ಚಬಹುದೇ? ಓದುಗರೇ, ಇದನ್ನು ಕುತರ್ಕವೆಂದು ತಳ್ಳಿ ಹಾಕಬೇಡಿ. ಮಕ್ಕಳ ಹೊಟ್ಟೆಪಾಡಿಗಾಗಿ ನಸುಕಿನಲ್ಲೇ ದೋಣಿ ಇಳಿಸುವವನ ಪ್ರಶ್ನೆಯಿದು.

ಈ ಪ್ರಶ್ನೆಗೆ ಉತ್ತರ ಹುಡುಕಲೇಬೇಕಾಗಿ ಬಂದ ಜನರೊಂದು ಕಡೆ ಇದ್ದಾರೆ. ಪೂರ್ವ ಆಫ್ರಿಕಾದ ತಾಂಝಾನಿಯಾಕ್ಕೆ ಸೇರಿದ ಝಾಂಝಿಬಾರ್‌ನಲ್ಲಿ ಪೆಂಬಾ ಎಂಬ ದ್ವೀಪವಿದೆ. ಲವಂಗಕ್ಕೆ ಹೆಸರಾದ ನಾಡು; ನಿವಾಸಿಗಳು ಬಹುತೇಕ ಎಲ್ಲರೂ ಮುಸ್ಲಿಮರು. ಅದರ ಪಶ್ಚಿಮಕ್ಕೆ ಸುಮಾರು ಒಂದು ಚದರ ಕಿಲೋಮೀಟರಿನಷ್ಟಿರುವ ಮಿಸಾಲಿ ಎಂಬ ಪುಟ್ಟ ದ್ವೀಪ, ಅದರ ಸುತ್ತ ಹವಳದ ದಿಬ್ಬಗಳು. ಹಿಂದೆ ಒಬ್ಬ ಪುಣ್ಯಪುರುಷರು ಇಲ್ಲಿಗೆ ಬಂದು ಬೆಸ್ತರಲ್ಲಿ ನಮಾಝಿನ ಚಾಪೆ ಕೇಳಿದರಂತೆ, ಚಾಪೆ ಸಿಗದಾಗ ಕಿಬ್ಲಾದ ಕಡೆಗೆ ಚಾಚಿಕೊಂಡಿರುವ ಈ ದ್ವೀಪವೇ ನನ್ನ ಮುಸಲ್ಲಾ ಎಂದರಂತೆ. ಮಿಸಾಲಿ ಎಂಬ ಹೆಸರು ಹಾಗೆ ಬಂತೆಂದು ಜನ ಹೇಳುತ್ತಾರೆ. ಐತಿಹ್ಯವನ್ನು ಐತಿಹ್ಯವೆಂದೇ ತಿಳಿಯೋಣ.

ಮುಸಲ್ಲಾ ಎಂದು ಕರೆದ ಆ ನೆಲದ ಸುತ್ತಲೇ ಸಿಡಿಮದ್ದು ಹಾಕಿ ಮೀನು ಹಿಡಿಯುವವರಿದ್ದರು. ಒಂದು ಸಿಡಿತಕ್ಕೆ ರಾಶಿ ರಾಶಿ ಮೀನು ತೇಲುತ್ತದೆ. ಮರಿಗಳೂ ಸಾಯುತ್ತವೆ, ಹವಳವೂ ಪುಡಿಯಾಗುತ್ತದೆ. ಹವಳ ಬೆಳೆಯುವುದು ವರ್ಷಕ್ಕೆ ಕೆಲವು ಮಿಲಿಮೀಟರಿನಿಂದ ಕೆಲವು ಸೆಂಟಿಮೀಟರಿನಷ್ಟು ಮಾತ್ರ. ಪುಡಿಯಾದ ಚೂರುಗಳು ಅಲೆಗೆ ಉರುಳುತ್ತಲೇ ಇರುವುದರಿಂದ ಅವುಗಳ ಮೇಲೆ ಹೊಸ ಹವಳ ನೆಲೆಯೂರುವುದೂ ಕಷ್ಟ. ಹೀಗೆ ಹಿಡಿದವನು ಮೀನನ್ನಷ್ಟೇ ಅಲ್ಲ, ಮೀನಿನ ಮನೆಯನ್ನೂ ಕೆಡವಿದ. ಆ ಮನೆಯಲ್ಲಿ ಹುಟ್ಟಬೇಕಾಗಿದ್ದ ಮೀನು ನಾಳೆ ಇನ್ನೊಬ್ಬನ ಬಲೆಗೆ ಬೀಳಬೇಕಾಗಿತ್ತು. ಹಲಾಲ್ ಆದ ವಸ್ತುವನ್ನು ಪಡೆಯುವ ದಾರಿಯಲ್ಲಿ ಇನ್ನೊಬ್ಬನ ಪಾಲು ನಾಶವಾದರೆ ಆ ದಾರಿಯೂ ಹಲಾಲ್ ಎನ್ನಲಾಗದು.

1990ರ ದಶಕದಲ್ಲಿ ಆ ದ್ವೀಪವನ್ನು ಪ್ರವಾಸಿಗಳ ಹೋಟೆಲಿಗೆ ಬಿಟ್ಟುಕೊಡುವ ಪ್ರಸ್ತಾಪ ಬಂದಾಗ ಬೆಸ್ತರೇ ವಿರೋಧಿಸಿದರು. 1998ರಲ್ಲಿ ಸುತ್ತಲಿನ ಸುಮಾರು 22 ಚದರ ಕಿಲೋಮೀಟರ್ ಕಡಲು ಸಂರಕ್ಷಿತ ಪ್ರದೇಶವಾಯಿತು. ಅದರಲ್ಲಿ ಮೀನು ಹಿಡಿಯುವುದನ್ನು ಪೂರ್ತಿ ನಿಲ್ಲಿಸಿದ್ದು ಒಂದೂವರೆ ಚದರ ಕಿಲೋಮೀಟರಿಗಿಂತಲೂ ಚಿಕ್ಕ ಭಾಗದಲ್ಲಿ. ಉಳಿದೆಡೆ ಬಲೆ ಬೀಸಬಹುದು, ಕ್ರಮ ತಪ್ಪಬಾರದು. ಮೇಲ್ವಿಚಾರಣೆಯಲ್ಲಿ ಬೆಸ್ತರ ಸಂಘಕ್ಕೂ ಪಾಲು ಸಿಕ್ಕಿತು. ಬಳಿಕ ಮಸೀದಿಗಳಲ್ಲಿ ಇಮಾಮರು ಕಡಲೂ ಒಂದು ಅಮಾನತ್ ಎಂದು ವಿವರಿಸತೊಡಗಿದರು.

ಸರಕಾರದ ಕಾನೂನನ್ನು ಮೀರಬಹುದು, ದೇವನ ಕಾನೂನನ್ನು ಮೀರಲಾಗದು ಎಂಬರ್ಥದಲ್ಲಿ ಅಲ್ಲಿಯ ಬೆಸ್ತನೊಬ್ಬ ಹೇಳಿದ ಮಾತು ಜಗತ್ತಿನಾದ್ಯಂತ ಪ್ರಚಾರ ಪಡೆಯಿತು. ಕೇಳಲು ಹಿತವಾದ ಮಾತು. ಆದರೆ ನಾವು ದೇವನ ಕಾನೂನನ್ನು ದಿನವೂ ಮೀರುವವರಲ್ಲವೇ? ಬಡ್ಡಿ ನಿಂತಿದೆಯೇ, ವರದಕ್ಷಿಣೆ ನಿಂತಿದೆಯೇ? ಖುತ್ಬಾ ಒಂದರಿಂದಲೇ ಕಡಲು ಉಳಿಯುತ್ತದೆ ಎಂದು ನನಗನಿಸುವುದಿಲ್ಲ. ಕಾವಲುಗಾರ ಇಲ್ಲದ ಕತ್ತಲಲ್ಲೂ ತನ್ನನ್ನು ನೋಡುವವನಿದ್ದಾನೆ ಎಂಬ ಪ್ರಜ್ಞೆ ಬೇಕು, ನಿಜ. ಅದರ ಜೊತೆಗೆ, ಬಾಗಿಲು ಮುಚ್ಚಿದಾಗ ಹಸಿಯುವವನು ಯಾರು ಎಂಬ ಲೆಕ್ಕವೂ ಬೇಕು.

ಈ ಲೆಕ್ಕವನ್ನು ನಮಗೆ ಕಲಿಸಿದವರು ಖಲೀಫಾ ಉಮರ್(ರ). ಮುಚ್ಚುವುದು ಇಸ್ಲಾಮಿಗೆ ಹೊಸದೇನಲ್ಲ. ಪ್ರವಾದಿವರ್ಯರು(ಸ) ಮದೀನಾದ ಬಳಿಯ ನಕೀಅ್ ಎಂಬಲ್ಲಿ ಹುಲ್ಲುಗಾವಲನ್ನು ‘ಹಿಮಾ’ ಎಂದು ಕಾದಿರಿಸಿದ್ದರು. ಹುಲ್ಲು ಮೇಯಿಸುವುದು ಹಲಾಲೇ. ಆದರೂ ಸರ್ವರ ಹಿತಕ್ಕಾಗಿ ಅದಕ್ಕೆ ಎಲ್ಲೆ ಹಾಕಲಾಯಿತು. ಉಮರ್(ರ) ಹಿಮಾದ ಮೇಲ್ವಿಚಾರಣೆಗೆ ಹುನೈ ಎಂಬವರನ್ನು ನೇಮಿಸಿದಾಗ ಕೊಟ್ಟ ಸೂಚನೆ ಸಹೀಹ್ ಬುಖಾರಿಯಲ್ಲಿದೆ. ಕೆಲವೇ ಒಂಟೆ, ಕೆಲವೇ ಕುರಿ ಇರುವವನನ್ನು ಒಳಗೆ ಬಿಡಬೇಕು. ಇಬ್ನು ಔಫ್ ಮತ್ತು ಇಬ್ನು ಅಫ್ಫಾನ್‌ರ ಹಿಂಡುಗಳನ್ನು ಬಿಡಬಾರದು. ಇಬ್ಬರೂ ಉನ್ನತ ಸಹಾಬಿಗಳು! ಆದರೆ ಅವರ ಜಾನುವಾರು ಸತ್ತರೆ ಅವರಿಗೆ ಖರ್ಜೂರದ ತೋಟಗಳಿವೆ, ಹೊಲಗಳಿವೆ. ಬಡವನ ಜಾನುವಾರು ಸತ್ತರೆ ಅವನು ಮಕ್ಕಳನ್ನು ಕರೆದುಕೊಂಡು ಖಲೀಫರ ಬಾಗಿಲಿಗೇ ಬರಬೇಕಾಗುತ್ತದೆ.

ಮಿಸಾಲಿಯಲ್ಲಿ ಪ್ರವಾಸಿಗಳ ಶುಲ್ಕದ ಒಂದು ಪಾಲನ್ನು ಹಳ್ಳಿಗಳಿಗೆ ಕೊಡುವ ಏರ್ಪಾಡು ಮಾಡಿದ್ದರ ಹಿಂದಿನ ನ್ಯಾಯವೂ ಇದೇ. ನಾಳೆಯ ಮೀನಿಗಾಗಿ ಇಂದಿನ ಊಟವನ್ನು ಬಿಡಬೇಕಾದವನು ಬಡವನೊಬ್ಬನೇ ಆದರೆ, ಅದು ಸಂರಕ್ಷಣೆಯ ಹೆಸರಿನ ಜುಲ್ಮ್ ಆಗುತ್ತದೆ.

ನಮ್ಮ ಕರಾವಳಿಯಲ್ಲೂ ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಸಣ್ಣ ನಾಡದೋಣಿಗಳಿಗೆ ವಿನಾಯಿತಿಯಿದೆ. ಉಮರ್(ರ) ಮಾಡಿದ ವ್ಯತ್ಯಾಸದ ನೆರಳು ಇಲ್ಲಿಯೂ ಕಾಣುವುದಿಲ್ಲವೇ? ಆದರೆ ದಿನಾಂಕ ಪಾಲಿಸಿ ಉಳಿದ ತಿಂಗಳುಗಳಲ್ಲಿ ಕಣ್ಣು ತಪ್ಪಿಸುವವರಿದ್ದಾರೆ. ಪ್ರಖರ ದೀಪ ಹಾಕಿ ಮೀನು ಸೆಳೆಯುವುದನ್ನು ಕೇಂದ್ರ ಸರಕಾರ 2017ರ ನವೆಂಬರಿನಲ್ಲಿ ನಿಷೇಧಿಸಿತು. ಆ ಬಳಿಕವೂ ನಾಡದೋಣಿಯವರ ದೂರು ನಿಂತಿಲ್ಲ. ಸಬ್ಬತ್ ದಿನ ಮೀನು ಹಿಡಿಯಬಾರದೆಂಬ ಆಜ್ಞೆಯಿದ್ದ ಕಡಲತೀರದ ಜನರ ಕತೆ ಅಲ್ ಅಅ್‌ರಾಫ್ ಅಧ್ಯಾಯದಲ್ಲಿದೆ. ಅಂದೇ ಮೀನು ದಂಡಿಯಾಗಿ ಬರುತ್ತಿತ್ತು. ಅವರು ಮೊದಲೇ ಬಲೆಯೊಡ್ಡಿ ಮರುದಿನ ಮೀನು ಎತ್ತುತ್ತಿದ್ದರೆಂದು ವ್ಯಾಖ್ಯಾನಕಾರರು ಬರೆದಿದ್ದಾರೆ.

ಇದೆಲ್ಲ ದೋಣಿಯವರ ಮಾತಾಯಿತು, ನಾವು ತಿನ್ನುವವರು ಮಾತ್ರ ಎನ್ನುವಿರಾ? ಮಾರುಕಟ್ಟೆಯಲ್ಲಿ ಬೆರಳುದ್ದದ ಬಂಗುಡೆ ಮರಿ ಅಗ್ಗವಾಗಿ ಕಂಡಾಗ, ಅದು ಯಾವ ಬಲೆಯದೆಂದು ಮಾರುವಾಕೆಯನ್ನು ಒಮ್ಮೆ ಕೇಳಿ. ಆಕೆಗೆ ಗೊತ್ತಿರುತ್ತದೆ.