ದಾರಿಯ ಬೆಳಕೂ ದಯೆಯ ಧರ್ಮವೂ

ಕತ್ತಲೆಯನ್ನು ಕಳೆಯುವುದು ಬೆಳಕಿನ ಸ್ವಭಾವ. ಅಜ್ಞಾನವನ್ನು ಕತ್ತಲೆಗೂ ಅರಿವನ್ನು ಬೆಳಕಿಗೂ ಹೋಲಿಸುವುದು ಶರಣರ ವಾಙ್ಮಯದಲ್ಲಿ ಅಡಿಗಡಿಗೂ ಕಂಡುಬರುವ ರೂಢಿ. ಆದುದರಿಂದ ಬೆಳಕು ಹೆಚ್ಚಿದಷ್ಟೂ ಒಳಿತೆಂಬ ಭಾವನೆ ಜನಮನದಲ್ಲಿ ಸಹಜವಾಗಿ ನೆಲೆಸಿದೆ. ಆದರೆ ಒಬ್ಬನ ಬೆಳಕೇ ಮತ್ತೊಬ್ಬನಿಗೆ ಕತ್ತಲೆಯಾಗುವ ಸಂದರ್ಭವೊಂದು ಇಂದಿನ ಗೃಹಸ್ಥನ ನಿತ್ಯಜೀವನದಲ್ಲಿಯೇ ಒದಗಿದೆ. ರಾತ್ರಿಯ ವೇಳೆ ವಾಹನ ನಡೆಸುವವನು ತನ್ನ ಹೆಡ್‌ಲೈಟುಗಳನ್ನು ಇನ್ನಷ್ಟು ಪ್ರಖರವಾಗಿ ಮಾಡಿಸಿಕೊಳ್ಳುವುದು ಧರ್ಮಸಮ್ಮತವೇ? ಪ್ರಶ್ನೆ ಚಿಕ್ಕದೆಂದು ತೋರಬಹುದು. ಆದರೆ ಅದರಲ್ಲಿ ಪ್ರಾಣದ ಮಾತು ಅಡಗಿದೆ.

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಬೀದಿಯ ದೀಪ ಎತ್ತರದಲ್ಲಿ ನಿಂತು ಕೆಳಗೆ ನೋಡುತ್ತದೆ. ಅದರಡಿಯಲ್ಲಿ ಹೋಗುವವನಿಗೂ ಬರುವವನಿಗೂ, ಸಿರಿವಂತನಿಗೂ ಕೂಲಿಯವನಿಗೂ ಅದು ಒಂದೇ ಸಮನಾದ ಬೆಳಕು. ವಾಹನದ ದೀಪ ಹಾಗಲ್ಲ. ಅದು ಒಬ್ಬನಿಗೆ ಸೇರಿದ್ದು. ಅವನು ಹೋಗುವ ಕಡೆಗೆ ಮುಖ ಮಾಡಿದ್ದು. ಅದರ ಎದುರಿನಲ್ಲಿ ಯಾವಾಗಲೂ ಮತ್ತೊಬ್ಬನಿದ್ದಾನೆ.

ಅಣ್ಣನವರ ಹೆಸರನ್ನೇ ಹೊತ್ತ ಬಸವೇಶ್ವರನಗರದಲ್ಲಿ ನೆಲೆಸಿದ ಒಬ್ಬ ಗೃಹಸ್ಥನನ್ನು ಉದಾಹರಣೆಯಾಗಿ ಭಾವಿಸಬಹುದು. ಅವನು ಸಂಸಾರಸಮೇತನಾಗಿ ಸುತ್ತೂರಿನ ಜಾತ್ರೆಗೋ ಸಿದ್ಧಗಂಗೆಯ ದರ್ಶನಕ್ಕೋ ಹೋಗಿ ರಾತ್ರಿ ಹಿಂದಿರುಗುತ್ತಾನೆ. ವಿಜಯನಗರ, ರಾಜಾಜಿನಗರಗಳ ಬೀದಿಗಳಲ್ಲಿ ದೀಪಗಳಿವೆ. ಕೆಂಗೇರಿಯನ್ನು ದಾಟಿ ಹಳ್ಳಿಯ ಅಡ್ಡದಾರಿಗೆ ತಿರುಗಿದರೆ ಕತ್ತಲೆ ಕವಿಯುತ್ತದೆ. ಬಣ್ಣ ಬಳಿಯದ ರಸ್ತೆಯುಬ್ಬು, ಮಳೆಗೆ ಕಿತ್ತುಹೋದ ಗುಂಡಿ, ದೀಪವಿಲ್ಲದ ಎತ್ತಿನ ಗಾಡಿ, ಅಡ್ಡ ಬರುವ ದನ, ಇವೆಲ್ಲವೂ ಹತ್ತಿರ ಬಂದ ಮೇಲೆಯೇ ಕಾಣುತ್ತವೆ. ಹಿಂದಿನ ಆಸನದಲ್ಲಿ ಮಕ್ಕಳು ನಿದ್ರಿಸುತ್ತಿದ್ದಾರೆ. ಇಂತಹವನು ಹೆಚ್ಚು ಬೆಳಕನ್ನು ಬಯಸಿದರೆ ಅದನ್ನು ದುರಾಶೆಯೆಂದು ಹಳಿಯಲಾಗದು. ನಂಬಿದವರನ್ನು ಕಾಪಾಡುವುದು ಗೃಹಸ್ಥಧರ್ಮವೇ ಆಗಿದೆ.

ಆದರೆ ಅವನು ಅಂಗಡಿಯಲ್ಲಿ ಕೊಳ್ಳುವುದೇನು ಎಂಬುದನ್ನು ವಿಚಾರಿಸಬೇಕು. ಅನೇಕ ಕಾರುಗಳಲ್ಲಿ ಬರುವ ಎರಡು ತಂತುಗಳ ಹ್ಯಾಲೋಜನ್ ಬಲ್ಬು 60/55 ವಾಟಿನದು. ಅದರ ಸ್ಥಾನದಲ್ಲಿ 100/90 ವಾಟಿನ ಬಲ್ಬನ್ನೋ ಬಿಳಿಯಾಗಿ ಉರಿಯುವ ಎಲ್‌ಇಡಿ ಬಲ್ಬನ್ನೋ ಹಾಕಿಸುವುದು ಇಂದಿನ ವಾಡಿಕೆ. ದೀಪದ ಹಿಂದಿನ ರಿಫ್ಲೆಕ್ಟರಾದರೋ ಮೂಲದ ತಂತು ಇರುವ ನಿರ್ದಿಷ್ಟ ಸ್ಥಾನಕ್ಕೆ ಹೊಂದಿಸಿ ರೂಪಿಸಿದುದು. ಬೆಳಕು ಹುಟ್ಟುವ ಸ್ಥಾನವೂ ಆಕಾರವೂ ಬದಲಾದರೆ ಕಿರಣಗಳು ರಸ್ತೆಯ ಮೇಲೆ ಬೀಳುವುದನ್ನು ಬಿಟ್ಟು ಎಲ್ಲೆಡೆ ಚೆದರುತ್ತವೆ. ಕಾರಿನ ಮುಂಭಾಗದ ನೆಲ ಬೆಳ್ಳಗೆ ಹೊಳೆಯುವುದರಿಂದ ಒಡೆಯನಿಗೆ ತೃಪ್ತಿಯಾಗುತ್ತದೆ. ದೂರದ ದಾರಿ ಮಾತ್ರ ಮೊದಲಿಗಿಂತ ಚೆನ್ನಾಗಿ ಕಾಣುವುದೆಂಬ ಭರವಸೆಯಿಲ್ಲ. ಹೆಚ್ಚಿನ ವಾಟಿನ ಕಾವಿಗೆ ಹೋಲ್ಡರು, ವಯರುಗಳು ಕರಗುವ ಅಪಾಯವೂ ಉಂಟು.

ಚೆದರಿದ ಆ ಬೆಳಕು ಸೇರುವುದು ಎದುರಿನವನ ಕಣ್ಣನ್ನು. ಕತ್ತಲೆಗೆ ಹೊಂದಿಕೊಂಡ ಕಣ್ಣಿನ ಪಾಪೆ ಹಿಗ್ಗಿರುತ್ತದೆ. ಪ್ರಖರವಾದ ಬೆಳಕು ತಾಗಿದೊಡನೆ ಅದು ಕುಗ್ಗುತ್ತದೆ. ಬೆಳಕು ಹಾದುಹೋದ ಮೇಲೆಯೂ ಮತ್ತೆ ಕತ್ತಲೆಯಲ್ಲಿ ಕಾಣಲು ಹೊತ್ತು ಹಿಡಿಯುತ್ತದೆ. ವಯಸ್ಸಾದವರಿಗೂ ಕಣ್ಣಿನ ಪೊರೆ ಬೆಳೆಯುತ್ತಿರುವವರಿಗೂ ಈ ಬಾಧೆ ಅಧಿಕ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಮೂರು ಸೆಕೆಂಡು ಕಣ್ಣು ಕಾಣದಿದ್ದರೆ 50 ಮೀಟರ್ ದಾರಿಯನ್ನು ಅವನು ಕುರುಡನಾಗಿ ಕ್ರಮಿಸಿದಂತೆ.

ಆ ಎದುರಿನವನು ಯಾರು? ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯಪಥದಲ್ಲಿ 2023ರ ಆಗಸ್ಟ್‌ನಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲವಾಯಿತು. ಸೇವಾ ರಸ್ತೆಯನ್ನು ಹಿಡಿದು ಮನೆಗೆ ಹಿಂದಿರುಗುವ ಕಾರ್ಖಾನೆಯ ಕೆಲಸಗಾರ ಅವನಾಗಿರಬಹುದು. ನಸುಕಿನಲ್ಲಿ ಹಾಲಿನ ಕ್ಯಾನುಗಳನ್ನು ಕಟ್ಟಿಕೊಂಡು ಬರುವ ರೈತನಾಗಿರಬಹುದು. ಮಹಾಶಿವರಾತ್ರಿಗೆ ಮುನ್ನ ಕನಕಪುರದ ದಾರಿಯಾಗಿ ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಟ ಭಕ್ತರ ಗುಂಪೂ ಆಗಿರಬಹುದು. ಎದುರಿನ ಚಾಲಕನ ಕಣ್ಣು ಕತ್ತಲಿಟ್ಟಾಗ ರಸ್ತೆಯ ಅಂಚಿನಲ್ಲಿ ನಡೆಯುವ ಇಂತಹವರ ಪ್ರಾಣಕ್ಕೆ ಆಸರೆ ಯಾವುದು? ಅಪಘಾತವಾದ ಹೊತ್ತಿಗೆ ಪ್ರಖರ ದೀಪದ ಒಡೆಯ ಬಹುದೂರ ಸಾಗಿಹೋಗಿರುತ್ತಾನೆ. ತನ್ನಿಂದ ಒಂದು ಜೀವ ಹೋಯಿತೆಂಬುದು ಅವನಿಗೆ ಎಂದೆಂದಿಗೂ ತಿಳಿಯದು. ಹೀಗೆ ತಿಳಿಯದೆ ಉಳಿಯುವುದೇ ಈ ದೋಷದ ಭಯಂಕರವಾದ ಲಕ್ಷಣ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ತಯಾರಕನು ಕೊಟ್ಟ ರೂಪವನ್ನು ಮನಬಂದಂತೆ ಮಾರ್ಪಡಿಸದಂತೆ 1988ರ ಮೋಟಾರು ವಾಹನಗಳ ಕಾಯಿದೆ ತಡೆಯೊಡ್ಡಿದೆ. ಮುಂದಿನ ದೀಪದ ಕಿರಣ ಕೆಳಮುಖವಾಗಿ ಬಾಗಿರಬೇಕು, 8 ಮೀಟರ್ ದೂರದಲ್ಲಿರುವವನ ಕಣ್ಣನ್ನು ಅದು ಕೋರೈಸಬಾರದು ಎಂಬುದು 1989ರ ಕೇಂದ್ರ ನಿಯಮಗಳ ಆಶಯ. 2024ರ ಜುಲೈಯಲ್ಲಿ ಕರ್ನಾಟಕದ ಪೊಲೀಸರು ಇಂತಹ ದೀಪಗಳ ವಿರುದ್ಧ ರಾಜ್ಯಾದ್ಯಂತ ಕಾರ್ಯಾಚರಣೆ ನಡೆಸಿದರು. ಆದರೆ ದಂಡಕ್ಕೆ ಅಂಜಿ ದೀಪವನ್ನು ತಗ್ಗಿಸುವವನು ಪೊಲೀಸರಿಲ್ಲದ ದಾರಿಯಲ್ಲಿ ಮತ್ತೆ ಏರಿಸುತ್ತಾನೆ. ಅಂಗೈಯಲ್ಲಿ ಇಷ್ಟಲಿಂಗವನ್ನು ಹಿಡಿದು ಪೂಜಿಸುವವನಿಗೆ ಯಾರೂ ನೋಡದ ದಾರಿಯೆಂಬುದೇ ಇಲ್ಲ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ‘ಎದುರಿನವರೆಲ್ಲ ಹೈ ಬೀಮ್‌ನಲ್ಲಿಯೇ ಬರುತ್ತಾರೆ. ನಾನೊಬ್ಬನೇ ಡಿಪ್ ಮಾಡಿದರೆ ನನಗೆ ದಾರಿ ಕಾಣುವುದಿಲ್ಲ. ನನ್ನ ಮಕ್ಕಳ ಗತಿಯೇನು?’ ಈ ಮಾತಿನಲ್ಲಿರುವ ಸಂಕಟ ನಿಜವಾದುದು. ಆದರೆ ಪ್ರತಿಯಾಗಿ ತಾನೂ ಹೈ ಬೀಮ್ ಹಾಕಿದರೆ ಸಿಗುವ ಫಲವೇನು? ಒಬ್ಬ ಕುರುಡನಿದ್ದ ದಾರಿಯಲ್ಲಿ ಇಬ್ಬರು ಕುರುಡರಾಗುತ್ತಾರೆ. ತನ್ನತ್ತ ಬರುತ್ತಿರುವ ಲಾರಿಯ ಚಾಲಕನ ಕಣ್ಣು ಚೆನ್ನಾಗಿ ಕಾಣುತ್ತಿರುವುದೇ ಹಿಂದಿನ ಆಸನದ ಮಕ್ಕಳಿಗೆ ದೊಡ್ಡ ರಕ್ಷೆ. ಇದನ್ನು ಅರಿತವನು ವೇಗವನ್ನು ತಗ್ಗಿಸಿ, ದೀಪವನ್ನು ಡಿಪ್ ಮಾಡಿ, ನೋಟವನ್ನು ರಸ್ತೆಯ ಎಡ ಅಂಚಿನ ಕಡೆಗಿಟ್ಟು ಸಾಗುತ್ತಾನೆ. ಮತ್ತೊಬ್ಬನು ನಡೆದುಕೊಂಡರೆ ಮಾತ್ರ ತಾನೂ ನಡೆದುಕೊಳ್ಳುವೆನೆಂಬುದು ವ್ಯಾಪಾರದ ಕ್ರಮ. ಸಕಲ ಪ್ರಾಣಿಗಳಲ್ಲಿಯೂ ಕರುಣೆಯನ್ನಿಡುವುದನ್ನು ಧರ್ಮದ ಬುಡವೆಂದು ಕಂಡ ಶರಣರು ಅಂತಹ ಕರಾರನ್ನು ಮುಂದಿಡಲಿಲ್ಲ.

ಹಾಗಾದರೆ ಮಂಕುದೀಪದಲ್ಲಿಯೇ ತೊಳಲಬೇಕೆಂದು ಇದರ ಅರ್ಥವಲ್ಲ. ಹಳದಿಗಟ್ಟಿದ ದೀಪದ ಗಾಜನ್ನೂ ಧೂಳು ಹಿಡಿದ ಮುಂಗಾಜನ್ನೂ ಶುಚಿಗೊಳಿಸಬಹುದು. ಬಲ್ಬಿಗೆ ಪೂರ್ಣವಾದ ವಿದ್ಯುತ್ತು ತಲುಪುವಂತೆ ಒಳ್ಳೆಯ ವಯರಿಂಗನ್ನೂ ರಿಲೇಯನ್ನೂ ಬಲ್ಲವರಿಂದ ಹಾಕಿಸಬಹುದು. ಕಿರಣದ ಎತ್ತರವನ್ನು ಸರಿಪಡಿಸಿಕೊಳ್ಳಬಹುದು. ಹಿಂಭಾಗದಲ್ಲಿ ಭಾರ ಹೆಚ್ಚಾದಾಗ ಕಾರಿನ ಮೂಗು ಮೇಲೆದ್ದು ಕಿರಣವೂ ಏರುವುದರಿಂದ ಅದನ್ನು ಇಳಿಸಿಕೊಳ್ಳಬೇಕು. ಇವುಗಳಿಂದ ತನ್ನ ದಾರಿ ಬೆಳಗುತ್ತದೆ, ಎದುರಿನವನ ಕಣ್ಣು ನೋಯುವುದಿಲ್ಲ. ಇಷ್ಟಾದರೂ ಬೆಳಕು ಸಾಲದೆಂದು ತೋರಿದರೆ ಮನಸ್ಸನ್ನೊಮ್ಮೆ ಕೇಳಿಕೊಳ್ಳಬೇಕು: ಬೇಕಾಗಿರುವುದು ಬೆಳಕೋ, ವೇಗವೋ? ಕಾಣುವಷ್ಟು ದೂರದೊಳಗೆ ನಿಲ್ಲಿಸಬಲ್ಲ ವೇಗದಲ್ಲಿ ಹೋಗುವವನಿಗೆ ಮಿತವಾದ ಬೆಳಕೂ ಸಾಲುತ್ತದೆ. ಅರ್ಧ ಗಂಟೆ ಮೊದಲು ಮನೆ ಸೇರುವ ಆತುರಕ್ಕೆ ಎಷ್ಟು ಬೆಳಕಾದರೂ ಸಾಲದು.

ಅಂಬಿಗರ ಚೌಡಯ್ಯನವರು ದೋಣಿ ನಡೆಸುವ ಕಾಯಕದವರು. ಜನರನ್ನು ದಡ ಸೇರಿಸುವುದು ಆ ಕಾಯಕದ ಗುರಿ. ಇಂದು ಸ್ಟೀರಿಂಗನ್ನು ಹಿಡಿದ ಪ್ರತಿಯೊಬ್ಬನೂ ಒಂದು ಬಗೆಯ ಅಂಬಿಗನೇ. ತನ್ನವರನ್ನು ದಾಟಿಸುವಾಗ ಎದುರಿನ ದೋಣಿಯನ್ನು ಮಗುಚುವ ಹಕ್ಕು ಅವನಿಗಿಲ್ಲ. ಚಲಿಸುವ ಚೈತನ್ಯವನ್ನೇ ಜಂಗಮವೆಂದು ಗೌರವಿಸುವ ಪರಂಪರೆಯಲ್ಲಿ ಹುಟ್ಟಿದವರಿಗೆ ರಾತ್ರಿಯ ದಾರಿಯಲ್ಲಿ ಎದುರಾಗುವ ಅಪರಿಚಿತನೂ ಗೌರವಕ್ಕೆ ಪಾತ್ರನು. ಅವನನ್ನು ಕಂಡಾಗ ಬೆರಳ ತುದಿಯಿಂದ ದೀಪವನ್ನು ತಗ್ಗಿಸುವುದಕ್ಕೆ ಹಣ ಬೇಕಿಲ್ಲ, ಹೊತ್ತೂ ಬೇಕಿಲ್ಲ. ಅವನು ಸುಖವಾಗಿ ಮನೆ ಸೇರಲೆಂಬ ಹಾರೈಕೆಯೊಂದಿದ್ದರೆ ಸಾಕು. ಮನೆಯಿಂದ ಹೊರಡುವ ಮುನ್ನ ವಿಭೂತಿಯನ್ನು ಧರಿಸುವ ಭಕ್ತನು ವಾಹನದ ದೀಪವನ್ನೂ ಒಮ್ಮೆ ನೋಡಿ ಸರಿಪಡಿಸಿಕೊಂಡು ಹೊರಡುವುದು ಲೇಸು.