ಖರ್ಚಿನ ಪಕ್ಕದಲ್ಲಿ ಒಂದು ತಾರೀಖು

ಅರ್ಧ ಗಂಟೆಯಲ್ಲಿ ತಿಂಗಳ ಬಜೆಟ್ ಮಾಡುವುದು ಹೇಗೆಂದು ಹೇಳಿಕೊಡುವ ವಿಡಿಯೊಗಳಿಗೆ ಈಗ ಬರವಿಲ್ಲ. ಹೆಚ್ಚಿನವು ಒಂದೇ ಸೂತ್ರಕ್ಕೆ ಬಂದು ನಿಲ್ಲುತ್ತವೆ: ಕೈಗೆ ಬಂದ ಹಣದಲ್ಲಿ ಶೇ 50 ಅಗತ್ಯಗಳಿಗೆ, ಶೇ 30 ಆಸೆಗಳಿಗೆ, ಶೇ 20 ಉಳಿತಾಯಕ್ಕೆ ಮತ್ತು ಸಾಲ ತೀರಿಸಲಿಕ್ಕೆ. ಅಮೆರಿಕದ ಎಲಿಜಬೆತ್ ವಾರೆನ್ ಮತ್ತು ಅವರ ಮಗಳು ಅಮೆಲಿಯಾ ವಾರೆನ್ ತ್ಯಾಗಿ 2005ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಜನಪ್ರಿಯವಾದ ಸೂತ್ರ ಇದು. ಸೂತ್ರದ ಮೇಲೆ ನನಗೆ ಸಿಟ್ಟಿಲ್ಲ. ಆದರೆ ‘ಅರ್ಧ ಗಂಟೆ’ ಎಂಬ ಮಾತು ಮಾತ್ರ ಕಾಡುತ್ತದೆ. ಕೇಂದ್ರ ಸರ್ಕಾರ ಫೆಬ್ರುವರಿ 1ಕ್ಕೆ ಮಂಡಿಸುವ ಬಜೆಟ್ಟಿನ ತಯಾರಿ ಹಿಂದಿನ ವರ್ಷದ ಆಗಸ್ಟ್, ಸೆಪ್ಟೆಂಬರಿನ ಹೊತ್ತಿಗೇ ಶುರುವಾಗಿರುತ್ತದೆ. ಇಲಾಖೆಗಳು ಕೇಳುತ್ತವೆ, ಹಣಕಾಸು ಸಚಿವಾಲಯ ಕತ್ತರಿಸುತ್ತದೆ, ಮತ್ತೆ ಚರ್ಚೆಯಾಗುತ್ತದೆ. ಕೂಡಿಸಿ ಕಳೆಯಲಿಕ್ಕೆ ಅಷ್ಟು ತಿಂಗಳು ಬೇಡ. ಯಾರಿಗೆ ಎಷ್ಟು, ಯಾರಿಗೆ ಮೊದಲು ಎಂದು ತೀರ್ಮಾನಿಸಲಿಕ್ಕೆ ಬೇಕು. ಮನೆಯ ಬಜೆಟ್ಟಿನೊಳಗೂ ಇದೇ ಪ್ರಶ್ನೆ ಕೂತಿದೆ. ಹಾಗಿದ್ದರೆ ಅದಕ್ಕೆ ಎಷ್ಟು ಸಮಯ ಕೊಡಬೇಕು? ಅಷ್ಟು ಸಮಯ ಎಲ್ಲರ ಬಳಿ ಇದೆಯೇ?

ಕುಮಟಾ ತಾಲ್ಲೂಕಿನ ನಮ್ಮ ಮಿರ್ಜಾನದ ಕಡೆ ಬಜೆಟ್ ಎಂಬ ಪದ ಬರುವುದಕ್ಕೆ ಎಷ್ಟೋ ಮೊದಲು ಬಜೆಟ್ ಬಂದಿತ್ತು. ಅದಕ್ಕೆ ಮಳೆಗಾಲದ ತಯಾರಿ ಎಂದು ಹೆಸರು. 16ನೇ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಳುಮೆಣಸು ಈ ಕರಾವಳಿಯ ಬಂದರುಗಳಿಂದ ಹೊರಡುತ್ತಿದ್ದ ಕಾಲದಲ್ಲೂ ಮಳೆಗಾಲದಲ್ಲಿ ಕಡಲ ದಾರಿ ಮುಚ್ಚಿಯೇ ಇರುತ್ತಿತ್ತು. ಇವತ್ತಿಗೂ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳನ್ನು ದಾಟಲಿಕ್ಕೆ ಬೇಸಿಗೆಯಿಡೀ ಮನೆಗಳು ದುಡಿಯುತ್ತವೆ. ಕಟ್ಟಿಗೆ ಒಣಗಿ ಸೂರಿನಡಿ ಸೇರಬೇಕು. ಮೀನು ಉಪ್ಪು ಹಾಕಿ ಒಣಗಬೇಕು. ಹಪ್ಪಳ, ಸಂಡಿಗೆ, ಮಾವಿನ ಮಿಡಿ, ಮುರುಗಲು ಸಿಪ್ಪೆ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ ಎಲ್ಲಕ್ಕೂ ಅದರದ್ದೇ ಬಿಸಿಲು, ಅದರದ್ದೇ ವಾರ. ಮಕ್ಕಳ ಶಾಲೆ ಶುರುವಾಗುವುದೂ, ಹೆಂಚಿನ ಮಾಡು ಸೋರುವುದೂ ಜೂನ್‌ನಲ್ಲೇ. ಎಷ್ಟು ಬಾಯಿ, ಎಷ್ಟು ದಿನ, ಯಾರು ಬಂದು ಹೋಗುವವರಿದ್ದಾರೆ ಎಂದು ಹೆಂಗಸರು ಏಪ್ರಿಲಿನಲ್ಲೇ ಮನಸ್ಸಿನಲ್ಲಿ ಲೆಕ್ಕ ಹಾಕಿರುತ್ತಾರೆ. ನಮ್ಮ ಕಡೆಯ ಈ ಲೆಕ್ಕವನ್ನು ಯಾರೂ ಅರ್ಧ ಗಂಟೆಯ ಕೆಲಸ ಎನ್ನುವುದಿಲ್ಲ. ವರ್ಷಕ್ಕೊಮ್ಮೆ ಬರುವ ಖರ್ಚನ್ನು ಕಾಣಬೇಕಾದರೆ ವರ್ಷವಿಡೀ ಕಣ್ಣು ತೆರೆದಿರಬೇಕು ಎಂಬುದು ಅವರಿಗೆ ಗೊತ್ತು.

ಆದರೆ ಇದೇ ಊರಿನಲ್ಲಿ ಇನ್ನೊಂದು ಲೆಕ್ಕವೂ ನಡೆಯುತ್ತದೆ. ಅಘನಾಶಿನಿಗೆ ಎಲ್ಲೂ ಅಣೆಕಟ್ಟಿಲ್ಲ. ಕಡಲಿನ ಭರತ ಇಳಿತ ನದಿಯೊಳಗೆ ಬಹುದೂರ ಬರುತ್ತದೆ. 2024ರ ಜನವರಿಯಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿದ ಈ ಅಳಿವೆಯಲ್ಲಿ ನೀರು ಇಳಿದಾಗ ಬಳಚು ತೆಗೆದು ಬದುಕುವ ಕುಟುಂಬಗಳು ಬಹಳ. ಇಳಿತ ದಿನಕ್ಕೆರಡು ಸಲ. ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತಮುತ್ತ ನೀರು ಹೆಚ್ಚು ದೂರ ಸರಿಯುತ್ತದೆ, ನಡುವಿನ ದಿನಗಳಲ್ಲಿ ಕಡಿಮೆ. ಹಾಗಾಗಿ ಅವರ ಕೆಲಸದ ಹೊತ್ತು ಗಡಿಯಾರದಲ್ಲಿ ನಿಲ್ಲುವುದಿಲ್ಲ, ಆದಾಯ ಕ್ಯಾಲೆಂಡರಿನಲ್ಲಿ ನಿಲ್ಲುವುದಿಲ್ಲ. ತಿಂಗಳಿಗೆ ಎಷ್ಟು ಬರುತ್ತದೆ ಎಂದು ಒಬ್ಬರನ್ನು ಕೇಳಿದಾಗ ಅವರು ನಕ್ಕರು. “ತಮಾ, ನೀರು ಇಳಿದ್ರೆ ದುಡ್ಡು, ಏರಿದ್ರೆ ಮನೆ ಕೆಲ್ಸ. ತಿಂಗಳು ಅನ್ನೋದು ಪಗಾರದವರಿಗೆ” ಎಂದರು.

ಈ ಮಾತು ನನ್ನ ತಲೆಯಲ್ಲಿ ಉಳಿಯಿತು. ‘ತಿಂಗಳ ಬಜೆಟ್’ ಎನ್ನುವಾಗ ನಾವು ಬಜೆಟ್ ಎಂಬ ಪದದ ಬಗ್ಗೆ ಯೋಚಿಸುತ್ತೇವೆ, ತಿಂಗಳು ಎಂಬ ಪದದ ಬಗ್ಗೆ ಯೋಚಿಸುವುದಿಲ್ಲ. ತಿಂಗಳಿಗೊಮ್ಮೆ, ಒಂದೇ ಮೊತ್ತದಲ್ಲಿ, ಒಂದೇ ತಾರೀಖಿಗೆ ಹಣ ಬರುವುದು ಒಂದು ಆಸ್ತಿ. ಗದ್ದೆ, ತೋಟದ ಹಾಗೆ ಕೆಲವರಿಗಿದೆ, ಹಲವರಿಗಿಲ್ಲ. ಅದಿಲ್ಲದವರನ್ನು ನಾವು ‘ಪ್ಲಾನಿಂಗ್ ಇಲ್ಲದವರು’ ಎಂದು ಸಲೀಸಾಗಿ ಕರೆದುಬಿಡುತ್ತೇವೆ.

ಈ ಆರೋಪ ಎಷ್ಟು ಸರಿ? 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸೆಂಥಿಲ್ ಮುಲ್ಲೈನಾಥನ್, ಎಲ್ದಾರ್ ಶಫೀರ್ ಮತ್ತು ಸಂಗಡಿಗರು ತಮಿಳುನಾಡಿನ ಕಬ್ಬು ಬೆಳೆಗಾರರಿಗೆ ಕೊಯ್ಲಿಗೆ ಮುಂಚೆ ಒಮ್ಮೆ, ಹಣ ಬಂದ ಮೇಲೆ ಒಮ್ಮೆ ಬುದ್ಧಿಯ ಪರೀಕ್ಷೆಗಳನ್ನು ಕೊಟ್ಟರು. ಅದೇ ರೈತ ಕೊಯ್ಲಿಗೆ ಮುಂಚೆ ಕಡಿಮೆ ಅಂಕ ಪಡೆದ. ಕೈ ಖಾಲಿಯಿದ್ದಾಗ ಮನಸ್ಸಿನ ದೊಡ್ಡ ಪಾಲು ನಾಳೆಯ ಅಕ್ಕಿಗೆ ಹೋಗುತ್ತದೆ, ಮುಂದಿನ ವರ್ಷಕ್ಕೆ ಉಳಿಯುವುದು ಸ್ವಲ್ಪ ಎಂದು ಅವರು ಅದನ್ನು ಅರ್ಥೈಸಿದರು. ಇದರ ಇನ್ನೊಂದು ಮುಖವೂ ಇದೆ. ಬಾಂಗ್ಲಾದೇಶ, ಭಾರತ, ದಕ್ಷಿಣ ಆಫ್ರಿಕಾಗಳ 250ಕ್ಕೂ ಹೆಚ್ಚು ಬಡ ಮನೆಗಳಿಗೆ ಸಂಶೋಧಕರು ಹದಿನೈದು ದಿನಕ್ಕೊಮ್ಮೆಯಂತೆ ಒಂದು ವರ್ಷ ಹೋಗಿ ಹಣದ ದಿನಚರಿ ಬರೆದುಕೊಂಡರು. 2009ರಲ್ಲಿ ಪುಸ್ತಕವಾದ ಆ ಕೆಲಸದಲ್ಲಿ ಕಂಡದ್ದು, ಕಡಿಮೆ ಹಣವಿರುವವರು ಹಣದ ಬಗ್ಗೆ ಕಡಿಮೆ ಯೋಚಿಸುವುದಿಲ್ಲ ಎಂಬುದು. ನೆರೆಯವರಿಂದ ಕೈಗಡ, ಸಂಘದ ಉಳಿತಾಯ, ಅಂಗಡಿಯ ಉದ್ರಿ, ಯಾರಲ್ಲೋ ಇಟ್ಟ ಹಣ ಹೀಗೆ ಹಲವು ದಾರಿಗಳನ್ನು ಅವರು ಏಕಕಾಲಕ್ಕೆ ನಡೆಸುತ್ತಾರೆ. ದಿನಕ್ಕೆ ಇಷ್ಟು ಎಂದು ಸರಾಸರಿ ಬರೆಯುವುದು ಸುಲಭ. ಆದರೆ ಅದು ದಿನಾಲೂ ಬರುವುದಿಲ್ಲ ಎಂಬುದೇ ಅವರ ಕಷ್ಟ.

ಹಾಗಾದರೆ ಯೋಜನೆ ಮಾಡುವುದು ಒಂದು ಸದ್ಗುಣವೇ, ಅಥವಾ ಒಂದು ಅನುಕೂಲವೇ? ಎರಡೂ ಹೌದು ಎಂದು ನಾನು ಅಂದುಕೊಳ್ಳುತ್ತೇನೆ. ಅನುಕೂಲ ಇರುವವರು ಅದನ್ನು ಹೇಗೆ ಬಳಸುತ್ತಾರೆ ಎಂಬಲ್ಲಿ ಸದ್ಗುಣದ ಪ್ರಶ್ನೆ ಶುರುವಾಗುತ್ತದೆ. ಇದನ್ನು ಬಿಡಿಸಿ ಹೇಳಲು ಬಜೆಟ್ಟಿನ ತಯಾರಿಯಲ್ಲಿ ನಿಜವಾಗಿ ಏನಾಗುತ್ತದೆ ಎಂದು ನೋಡಬೇಕು.

ಹಳೆಯ ವ್ಯಾಪಾರಿಗಳ ಲೆಕ್ಕದಲ್ಲಿ ಕಿರ್ದಿ, ಖಾತೆ ಎಂದು ಎರಡು ಪುಸ್ತಕಗಳಿದ್ದವು. ಕಿರ್ದಿಯಲ್ಲಿ ದಿನದಿನದ ಜಮಾ ಖರ್ಚು ಆದ ಹಾಗೆಯೇ ಬರೆಯುವುದು. ಖಾತೆಯಲ್ಲಿ ಯಾರ ಯಾರ ಹೆಸರಿಗೆ ಏನೇನು ಎಂದು ವಿಂಗಡಿಸುವುದು. ಬಜೆಟ್ಟಿಗೂ ಇದೇ ಕ್ರಮ ಒಳ್ಳೆಯದು. ಮೊದಲ ಒಂದೆರಡು ತಿಂಗಳು ಕಿರ್ದಿ ಮಾತ್ರ. ಚಹಾ, ಜೆರಾಕ್ಸ್, ಬಸ್ಸು, ಯುಪಿಐಯಲ್ಲಿ ಹೋದ ಹತ್ತಿಪ್ಪತ್ತು ರೂಪಾಯಿ, ಯಾವುದನ್ನೂ ಸರಿ ತಪ್ಪು ಎನ್ನದೆ ಬರೆಯುವುದು. ಆಮೇಲೆ ಖಾತೆ: ದಿನದ ಖರ್ಚು ಯಾವುದು, ತಿಂಗಳದ್ದು ಯಾವುದು, ವರ್ಷಕ್ಕೊಮ್ಮೆ ಬರುವುದು ಯಾವುದು. ಶುಲ್ಕ, ವಿಮೆ, ಹಬ್ಬ, ಊರಿನ ಬಂಡಿಹಬ್ಬಕ್ಕೆ ಹೋಗಿಬರುವ ಖರ್ಚು ಸೇರಿ ವರ್ಷಕ್ಕೆ 18,000 ರೂಪಾಯಿ ಆದರೆ ಅದು ನಿಜವಾಗಿ ತಿಂಗಳಿಗೆ 1,500ರ ಖರ್ಚು. ಕಾಣದೆ ಇರುವ ಹನ್ನೊಂದು ತಿಂಗಳೂ ಅದು ಇರುತ್ತದೆ. ಇಷ್ಟಕ್ಕೆ ಮೂರು ತಿಂಗಳು ಬೇಕು. ಅರ್ಧ ಗಂಟೆಯಲ್ಲಿ ಆಗುವುದು ಕೋಷ್ಟಕ ಮಾತ್ರ.

ಈ ಮೂರು ತಿಂಗಳಲ್ಲಿ ಹೊರಬರುವ ಮುಖ್ಯ ಸಂಗತಿ ಬೇರೆಯೇ ಇದೆ. ಬರೆಯುತ್ತ ಹೋದಂತೆ ಅಗತ್ಯ, ಆಸೆ, ಉಳಿತಾಯ ಎಂಬ ಮೂರು ಡಬ್ಬಿಗಳಲ್ಲಿ ಯಾವುದಕ್ಕೂ ಸೇರದ ಖರ್ಚುಗಳು ಎದುರಾಗುತ್ತವೆ. ಊರಿಗೆ ಕಳಿಸುವ ಹಣ. ಕಷ್ಟದಲ್ಲಿ ಕೈಗಡ ಕೊಟ್ಟ ಗೆಳೆಯನಿಗೆ ವಾಪಸು ಕೊಡಬೇಕಾದದ್ದು. ಅಕ್ಕನ ಮದುವೆಗೆ ಬಂದು ಹೋದವರ ಮನೆಯ ಮದುವೆಗೆ ನಾವು ಹಾಕಬೇಕಾದ ಮುಯ್ಯಿ. ಸೂತ್ರದಲ್ಲಿ ಬ್ಯಾಂಕಿನ ಸಾಲಕ್ಕೆ ಜಾಗವಿದೆ. ಋಣಕ್ಕೆ ಇಲ್ಲ. ಕನ್ನಡದಲ್ಲಿ ಸಾಲ ಬೇರೆ, ಋಣ ಬೇರೆ. ಸಾಲಕ್ಕೆ ಬಡ್ಡಿ, ಕಂತು, ಕೊನೆ ಇವೆ. ಋಣಕ್ಕೆ ಇರುವುದು ನೆನಪು ಮಾತ್ರ. ಕೇಳುವವರಿಲ್ಲದ ಕಾರಣ ಅದು ಎಲ್ಲಕ್ಕಿಂತ ಕೊನೆಗೆ ಸರಿಯುತ್ತದೆ. ಅವಸರದ ಬಜೆಟ್ಟಿನಲ್ಲಿ ಮೊದಲು ಬಿಟ್ಟುಹೋಗುವುದು ಅದೇ.

ಲೆಕ್ಕ ಇಟ್ಟರೆ ಪ್ರೀತಿ ಸಾಯುತ್ತದೆ ಎಂದು ಹೇಳುವವರಿದ್ದಾರೆ. ಪೈಸೆ ಪೈಸೆ ಬರೆಯುವವನನ್ನು ಜುಗ್ಗ ಎನ್ನುವುದೂ ಉಂಟು. ಆದರೆ ಮದುವೆಯ ಚಪ್ಪರದ ಒಂದು ಮೂಲೆಯಲ್ಲಿ ನೋಟ್‌ಬುಕ್ ಹಿಡಿದು ಮುಯ್ಯಿ ಬರೆದುಕೊಳ್ಳುವವರನ್ನು ಯಾರೂ ಜುಗ್ಗರೆನ್ನುವುದಿಲ್ಲ. ಆ ಪುಸ್ತಕ ಮನೆಯಲ್ಲಿ ವರ್ಷಗಟ್ಟಲೆ ಇರುತ್ತದೆ. ಯಾರ ಮನೆಯಲ್ಲಿ ಮಂಗಳಕಾರ್ಯವಾದರೂ ಅದನ್ನು ತೆಗೆದು ನೋಡುತ್ತಾರೆ. ನಮ್ಮ ಜತೆ ನಿಂತವರನ್ನು ಮರೆಯಬಾರದು ಎಂದೇ ಅಲ್ಲಿ ಲೆಕ್ಕ ಬರೆದದ್ದು. ಲಂಡನ್ನಿನಲ್ಲಿ ಓದುತ್ತಿದ್ದಾಗ ಗಾಂಧಿ ಬಸ್ಸಿನ ಚಾರ್ಜು, ಅಂಚೆಯ ಖರ್ಚನ್ನೂ ಬರೆದಿಟ್ಟು ಮಲಗುವ ಮುನ್ನ ಲೆಕ್ಕ ಸರಿಹೊಂದಿಸುತ್ತಿದ್ದರು ಎಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಖರ್ಚನ್ನು ಅರ್ಧಕ್ಕೆ ಇಳಿಸಲು ನಿರ್ಧರಿಸಿದರು. ಆಮೇಲೆ, ಕೇಳಿದಾಗಲೆಲ್ಲ ಹಣ ಕಳಿಸುತ್ತಿದ್ದ ಅಣ್ಣನ ಕಷ್ಟವನ್ನು ನೆನೆದು ಇನ್ನಷ್ಟು ಇಳಿಸಿದರು. ಲೆಕ್ಕ ನೋಡುತ್ತ ನೋಡುತ್ತ ಅವರಿಗೆ ಅಣ್ಣ ಕಂಡದ್ದು ನನಗೆ ಆ ಭಾಗದಲ್ಲಿ ಮುಖ್ಯವೆನ್ನಿಸುತ್ತದೆ.

ಇಲ್ಲಿಂದ ಇನ್ನೊಂದು ಹೆಜ್ಜೆ ಮುಂದೆ ಹೋದರೆ, ನನ್ನ ಪ್ರತಿಯೊಂದು ಖರ್ಚೂ ಇನ್ನೊಬ್ಬರ ಆದಾಯ. ಆಯ, ವ್ಯಯ ಸೇರಿ ಆಯವ್ಯಯ ಎನ್ನುತ್ತೇವಲ್ಲ, ನನ್ನ ವ್ಯಯ ಮೆಸ್ಸಿನ ಅಡುಗೆಯವರ ಆಯ, ಹಾಲಿನವರ ಆಯ, ಪ್ರಬಂಧದ ಪುಟಗಳನ್ನು ಟೈಪು ಮಾಡಿಕೊಡುವವರ ಆಯ. ನಾನು ಎಷ್ಟು ಕೊಡುತ್ತೇನೆ ಎಂಬುದರಷ್ಟೇ ಯಾವತ್ತು ಕೊಡುತ್ತೇನೆ ಎಂಬುದೂ ಅವರ ಬಜೆಟ್ಟನ್ನು ಕಟ್ಟುತ್ತದೆ ಅಥವಾ ಕೆಡಿಸುತ್ತದೆ. 1936ರ ವೇತನ ಪಾವತಿ ಕಾಯ್ದೆ ಇದನ್ನು ಗುರುತಿಸಿತ್ತು. ಸಾವಿರಕ್ಕಿಂತ ಕಡಿಮೆ ಕಾರ್ಮಿಕರಿರುವಲ್ಲಿ ಮುಂದಿನ ತಿಂಗಳ 7ನೇ ದಿನದೊಳಗೆ, ಉಳಿದೆಡೆ 10ನೇ ದಿನದೊಳಗೆ ಸಂಬಳ ಕೊಡಬೇಕೆಂದು ಅದು ಹೇಳಿತು. 2005ರ ಉದ್ಯೋಗ ಖಾತ್ರಿ ಕಾಯ್ದೆ ಕೂಲಿಗೆ 15 ದಿನಗಳ ಗಡುವು ಹಾಕಿತು. ಕೂಲಿಯಷ್ಟೇ ಕೂಲಿಯ ತಾರೀಖು ಕೂಡ ದುಡಿದವರ ಹಕ್ಕು ಎಂಬ ತಿಳಿವಳಿಕೆ ಈ ಎರಡರಲ್ಲೂ ಇದೆ. ಆದರೆ ಹಾಲಿನವರಿಗೆ, ಮೀನು ಮಾರುವವರಿಗೆ, ಮನೆಗೆಲಸದವರಿಗೆ ಈ ಗಡುವುಗಳ ರಕ್ಷಣೆ ಸಿಗುವುದು ಕಷ್ಟ. ಅವರ ತಾರೀಖು ನಮ್ಮ ಮನಸ್ಸಿನ ಮೇಲೆ ನಿಂತಿದೆ.

‘ನಾಳೆ ಕೊಡ್ತೇನೆ’ ಎಂಬುದು ಎಷ್ಟು ಸಣ್ಣ ಮಾತು! ಹೇಳಿದವರು ಮರೆಯುತ್ತಾರೆ. ಕೇಳಿಸಿಕೊಂಡವರು ಆ ನಾಳೆಯನ್ನು ನಂಬಿ ಇನ್ನೊಬ್ಬರಿಗೆ ನಾಳೆ ಎಂದಿರುತ್ತಾರೆ. ವಾರದ ಕಂತು ಕಟ್ಟುವ ಮನೆಗಳಲ್ಲಿ ಇದರ ಬಿಸಿ ಬೇಗ ತಟ್ಟುತ್ತದೆ. ಸಾಲ ಕೊಟ್ಟವರ ವಾರ ತಪ್ಪುವುದಿಲ್ಲ, ಹಣ ಬರಬೇಕಾದವರ ವಾರ ಮಾತ್ರ ತಪ್ಪುತ್ತದೆ. ಕಿರುಸಾಲ ವಸೂಲಿಯ ಬಲವಂತವನ್ನು ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ವಸೂಲಿಗೆ ಬರುವವರ ಒರಟುತನ ನಮಗೆ ಕಾಣುತ್ತದೆ. ಆ ಮನೆಗೆ ಸಲ್ಲಬೇಕಾದ ಇನ್ನೂರು, ಐನೂರನ್ನು ತಡವಾಗಿ ಕೊಡುವವರ ಮೆದುವಾದ ‘ನಾಳೆ’ ಕಾಣುವುದಿಲ್ಲ. ಹಣ ತಡಮಾಡಿದವರು ಹಣವನ್ನಷ್ಟೇ ತಡೆದಿರುವುದಿಲ್ಲ. ಇನ್ನೊಬ್ಬರು ಮುಂದಾಲೋಚನೆ ಮಾಡುವ ಶಕ್ತಿಯನ್ನೂ ತಡೆದಿರುತ್ತಾರೆ. ಆಮೇಲೆ ಅವರನ್ನೇ ಮುಂದಾಲೋಚನೆ ಇಲ್ಲದವರು ಎನ್ನುವುದು ಅನ್ಯಾಯ.

ಸಂಶೋಧನೆ ಮಾಡುವ ನಮ್ಮಂಥವರು ಇದನ್ನು ಅರ್ಥಮಾಡಿಕೊಳ್ಳಲು ದೂರ ಹೋಗಬೇಕಿಲ್ಲ. ವಿದ್ಯಾರ್ಥಿವೇತನ ಹಲವರಿಗೆ ಕೆಲವು ತಿಂಗಳು ಬಾರದೆ, ಬಂದಾಗ ಒಟ್ಟಿಗೆ ಬರುತ್ತದೆ. ಬಾರದ ತಿಂಗಳುಗಳಲ್ಲಿ ನಮ್ಮನ್ನು ಸಾಕುವುದು ಮೆಸ್ಸಿನ ಉದ್ರಿ, ಗೆಳೆಯರ ಕೈಗಡ. ಅಂದರೆ ನಮ್ಮ ಇಳಿತ, ಭರತದ ಭಾರವನ್ನು ನಮಗಿಂತ ಕಡಿಮೆ ಇರುವವರು ಹೊತ್ತಿರುತ್ತಾರೆ. ‘ನನಗೇ ಬಂದಿಲ್ಲ, ನಾನು ಹೇಗೆ ಕೊಡಲಿ?’ ಎಂಬ ಮಾತು ಬಹಳ ಸಲ ನಿಜ. ಅದು ನಿಜವಾಗಿರುವ ತಿಂಗಳಲ್ಲೂ ಒಂದು ಕೆಲಸ ಸಾಧ್ಯ: ಯಾವತ್ತು ಕೊಡಲು ಆಗುತ್ತದೆ, ಎಷ್ಟು ಆಗುತ್ತದೆ ಎಂದು ಮೊದಲೇ ಹೇಳುವುದು. ಹತ್ತು ದಿನ ಮುಂಚೆ ತಿಳಿದ ತಡ ಒಂದು ಅಡಚಣೆ. ಆ ದಿನವೇ ತಿಳಿದ ತಡ ಒಂದು ಹೊಡೆತ. ಒಟ್ಟಾಗಿ ಹಣ ಬಂದ ದಿನ ಅದನ್ನು ಬಂದ ತಿಂಗಳ ಆದಾಯ ಎಂದುಕೊಳ್ಳದೆ, ಕಳೆದ ತಿಂಗಳುಗಳ ಉದ್ರಿ, ಕೈಗಡ ಮೊದಲು ತೀರಿಸಿ ಉಳಿದ ಶಿಲ್ಕನ್ನು ಮುಂದಿನ ತಿಂಗಳುಗಳಿಗೆ ಹಂಚುವುದೂ ಇದೇ ತಯಾರಿಯ ಭಾಗ.

ಆದ್ದರಿಂದ ಬಜೆಟ್ಟಿಗೆ ಎಷ್ಟು ಸಮಯ ಕೊಡಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಇದು: ನನ್ನ ಹಣಕ್ಕಾಗಿ ಯಾರು ಯಾರು ಕಾಯುತ್ತಿದ್ದಾರೆ ಎಂದು ಹೆಸರು ಹಿಡಿದು ಹೇಳಲು ಬರುವಷ್ಟು. ಕೆಲವರಿಗೆ ಅದು ಒಂದು ತಿಂಗಳು, ಕೆಲವರಿಗೆ ಒಂದು ವರ್ಷ. ಅಷ್ಟು ಸಮಯ, ಅಷ್ಟು ನೆಮ್ಮದಿ, ನಿಶ್ಚಿತ ತಾರೀಖಿನ ಆದಾಯ ಇರುವವರ ಮೇಲೆ ಇದು ಹೆಚ್ಚಿನ ಹೊಣೆ. ಇಲ್ಲದವರಿಗೆ ಬುದ್ಧಿ ಹೇಳುವುದಕ್ಕಿಂತ ಅವರಿಗೆ ಸಲ್ಲಬೇಕಾದದ್ದನ್ನು ಹೊತ್ತಿಗೆ ಸಲ್ಲಿಸುವುದು ದೊಡ್ಡ ನೆರವು. ಕೋಷ್ಟಕದಲ್ಲಿ ಖರ್ಚಿನ ಮೊತ್ತ ಬರೆದ ಮೇಲೆ ಪಕ್ಕದಲ್ಲಿ ಇನ್ನೂ ಎರಡು ಸಾಲು ಎಳೆಯಬಹುದು. ಒಂದರಲ್ಲಿ ಅದು ಸೇರಬೇಕಾದವರ ಹೆಸರು, ಇನ್ನೊಂದರಲ್ಲಿ ತಾರೀಖು. ಶೇಕಡಾವಾರು ಲೆಕ್ಕವನ್ನು ಆಮೇಲೆ ಹಾಕಿದರೂ ನಡೆಯುತ್ತದೆ.