ಮರುಮದುವೆಯೂ ಪಿಂಚಣಿಯ ಋಣವೂ

ಸಂತ ಪೌಲರು ತಿಮೊಥೇಯನಿಗೆ ಬರೆದ ಮೊದಲನೆಯ ಪತ್ರದ ಐದನೆಯ ಅಧ್ಯಾಯದಲ್ಲಿ ವಿಧವೆಯರ ಪಟ್ಟಿಯೊಂದರ ಪ್ರಸ್ತಾಪವಿದೆ. ಅರವತ್ತು ವರ್ಷ ತುಂಬಿದವರನ್ನು ಮಾತ್ರ ಆ ಪಟ್ಟಿಗೆ ಸೇರಿಸಬೇಕು. ಮಕ್ಕಳು, ಮೊಮ್ಮಕ್ಕಳಿರುವ ವಿಧವೆಯನ್ನು ಮನೆಯವರೇ ನೋಡಿಕೊಳ್ಳಬೇಕು. ಪ್ರಾಯದ ವಿಧವೆಯರು ಮರುಮದುವೆಯಾಗಿ ಸಂಸಾರ ನಡೆಸುವುದೇ ಲೇಸು ಎಂಬುದು ಅಲ್ಲಿನ ಸೂಚನೆ. ಧರ್ಮಬೋಧನೆಗಿಂತ ಆಡಳಿತದ ಸುತ್ತೋಲೆಯಂತೆ ಕಾಣುವ ಈ ಭಾಗವನ್ನು ನಾವು ಸಾಮಾನ್ಯವಾಗಿ ಬೇಗಬೇಗನೆ ಓದಿ ಮುಂದೆ ಸಾಗುತ್ತೇವೆ. ಆದರೆ ಅದರ ಹಿಂದೆ ಕಠಿಣವಾದ ಪ್ರಶ್ನೆಯೊಂದಿದೆ. ಸಮುದಾಯದ ಹಣದಿಂದ ಒಂಟಿ ಸ್ತ್ರೀಯೊಬ್ಬಳನ್ನು ಸಲಹುತ್ತಿರುವಾಗ ಅವಳು ಮತ್ತೆ ಮದುವೆಯಾದರೆ ಆ ನೆರವು ಏನಾಗಬೇಕು? ಸುಮಾರು ಎರಡು ಸಾವಿರ ವರ್ಷಗಳ ನಂತರವೂ ಸರಕಾರಗಳು ಇದೇ ಪ್ರಶ್ನೆಯೊಡನೆ ಹೆಣಗುತ್ತಿವೆ.

ವಿಚ್ಛೇದನ ಹೊಂದಿದವರ ವಿಷಯದಲ್ಲಿ ಈ ಪ್ರಶ್ನೆಯನ್ನು ಕಾನೂನಿನಲ್ಲಿ ಬಿಡಿಸಿಡಲು ಯತ್ನಿಸಿದ ದೇಶ ಅಮೆರಿಕ. ಅಲ್ಲಿ ದುಡಿಯುವವರು ಸಂಬಳದಿಂದ ತೆರಿಗೆ ಕಟ್ಟಿ, ಮುಪ್ಪಿನಲ್ಲಿ ಸೋಷಿಯಲ್ ಸೆಕ್ಯುರಿಟಿ ಎಂಬ ಸರಕಾರಿ ವ್ಯವಸ್ಥೆಯಿಂದ ಪಿಂಚಣಿ ಪಡೆಯುತ್ತಾರೆ. ಮನೆಯಲ್ಲೇ ದುಡಿದ ಹೆಂಡತಿಗೆ ಗಂಡನ ಲೆಕ್ಕದ ಮೇಲೆ ಒಂದು ಪಾಲು ಸಲ್ಲುತ್ತದೆ. ಸಂಸಾರ ಮುರಿದುಬಿದ್ದರೆ? 1965ರ ತಿದ್ದುಪಡಿಯು, 20 ವರ್ಷ ಬಾಳಿ ವಿಚ್ಛೇದನ ಪಡೆದ ಪತ್ನಿಗೂ ಆ ಪಾಲು ಸಲ್ಲಬೇಕೆಂದಿತು. 1977ರ ತಿದ್ದುಪಡಿ ಆ ಅವಧಿಯನ್ನು 10 ವರ್ಷಕ್ಕೆ ಇಳಿಸಿತು. ಈಗ ಪುರುಷರಿಗೂ ಇದೇ ನಿಯಮ. 62 ವರ್ಷವಾದ ಮೇಲೆ ಕೇಳಬಹುದು. ಹೆಚ್ಚೆಂದರೆ ಹಿಂದಿನ ಸಂಗಾತಿಯ ಪೂರ್ಣ ಪಿಂಚಣಿಯ ಅರ್ಧದಷ್ಟು ದೊರೆಯುತ್ತದೆ. ಇದರಿಂದ ಆ ಹಿಂದಿನ ಸಂಗಾತಿಗೆ ಒಂದು ಕಾಸೂ ಕಡಿಮೆಯಾಗುವುದಿಲ್ಲ.

ಆದರೆ ಕೇಳುವವರು ಅವಿವಾಹಿತರಾಗಿ ಉಳಿದಿರಬೇಕು. ಮರುಮದುವೆಯಾದರೆ ಸಾಮಾನ್ಯವಾಗಿ ಆ ಪಾಲು ನಿಲ್ಲುತ್ತದೆ. ಎರಡನೆಯ ಮದುವೆಯೂ ಮರಣದಿಂದಲೋ ವಿಚ್ಛೇದನದಿಂದಲೋ ಕೊನೆಗೊಂಡರೆ ಮತ್ತೆ ಅರ್ಜಿ ಹಾಕಬಹುದು. ಹಿಂದಿನ ಸಂಗಾತಿ ತೀರಿಹೋಗಿದ್ದರೆ ನಿಯಮ ಬೇರೆ: 60 ವರ್ಷದ ನಂತರ ಮರುಮದುವೆಯಾದವರಿಗೆ ನಷ್ಟವಿಲ್ಲ, ಅದಕ್ಕೂ ಮೊದಲು ಮದುವೆಯಾದವರು ಆ ಮದುವೆ ಇರುವವರೆಗೆ ಪಾಲನ್ನು ಕಳೆದುಕೊಳ್ಳುತ್ತಾರೆ. ಅಂಗವಿಕಲರಿಗೆ ಈ ಮಿತಿ 50 ವರ್ಷ. ಪೌಲರ ಅರವತ್ತೂ ಈ ಅರವತ್ತೂ ಒಂದೇ ಆಗಿರುವುದು ಕಾಕತಾಳೀಯವಿರಬೇಕು. ಆದರೂ ಐವತ್ತೊಂಬತ್ತರಲ್ಲಿ ಉಂಗುರ ತೊಟ್ಟವಳು ಕಳೆದುಕೊಂಡದ್ದನ್ನು ಅರವತ್ತೊಂದರಲ್ಲಿ ತೊಟ್ಟವಳು ಉಳಿಸಿಕೊಳ್ಳುತ್ತಾಳೆ ಎಂಬುದನ್ನು ಕಂಡಾಗ, ನ್ಯಾಯಕ್ಕೂ ಲೆಕ್ಕಕ್ಕೂ ಇರುವ ಅಂತರ ನೆನಪಾಗದಿರದು.

ಹಾಗಾದರೆ ಈ ಪಾಲು ಯಾವ ಬಗೆಯದು? ನ್ಯಾಯವನ್ನು ಸಂತ ಥಾಮಸ್ ಅಕ್ವಿನಾಸರು ಎರಡಾಗಿ ವಿಂಗಡಿಸಿದ್ದನ್ನು ಗುರುಮಠಗಳಲ್ಲಿ ಇಂದಿಗೂ ಕಲಿಸುತ್ತಾರೆ. ವ್ಯಕ್ತಿ ವ್ಯಕ್ತಿಗಳ ನಡುವಿನ ಕೊಡುಕೊಳ್ಳುವಿಕೆಯ ನ್ಯಾಯ ಒಂದು. ಸಮುದಾಯವು ತನ್ನಲ್ಲಿರುವುದನ್ನು ಸದಸ್ಯರಿಗೆ ಹಂಚುವ ನ್ಯಾಯ ಇನ್ನೊಂದು. ಪಿಂಚಣಿಯ ಪಾಲು ಹಂಚಿಕೆಯಾದರೆ, ಆಸರೆ ದೊರೆತವಳಿಗಿಂತ ಆಸರೆ ಇಲ್ಲದವಳಿಗೆ ಮೊದಲು ಕೊಡಬೇಕೆನ್ನುವುದು ಸರಿಯೇ. ಹೊಸ ಪತಿ ಅನ್ನ ವಸ್ತ್ರದ ಹೊಣೆ ಹೊತ್ತ ಮೇಲೆ ಬೊಕ್ಕಸವೇಕೆ ಹೊರಬೇಕು? ಕಾನೂನು ರೂಪಿಸಿದವರು ಕ್ರೂರಿಗಳೇನಲ್ಲ. ಅವರ ತರ್ಕ ಇದು.

ಆದರೆ ಅದು ಗಳಿಕೆಯಾಗಿದ್ದರೆ? ಹತ್ತಿಪ್ಪತ್ತು ವರ್ಷ ಬೆಳಗ್ಗೆ ಬುತ್ತಿ ಕಟ್ಟಿ, ಜ್ವರ ಬಂದ ಮಕ್ಕಳೊಡನೆ ರಾತ್ರಿ ಕಳೆದು, ಗಂಡನು ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗಿಬರುವಂತೆ ಮಾಡಿದವಳ ಶ್ರಮವೂ ಆ ಪಿಂಚಣಿಯೊಳಗೆ ಸೇರಿದೆ. ಹತ್ತು ವರ್ಷ ಬಾಳಿದವಳಿಗೆ ಮಾತ್ರ ಎನ್ನುವಾಗ ಅಮೆರಿಕದ ಕಾನೂನೇ ಇದನ್ನು ಅರ್ಧ ಒಪ್ಪಿಕೊಂಡಂತಾಯಿತು. ಅದು ಬರಿಯ ನೆರವೇ ಆಗಿದ್ದರೆ ವರ್ಷಗಳನ್ನು ಎಣಿಸುವ ಅಗತ್ಯವೇನಿತ್ತು? ಅಂಗಡಿಯವನಿಗೆ ನಾವು ತೀರಿಸಬೇಕಾದ ಬಾಕಿ ಅವನು ಮದುವೆಯಾದನೆಂದು ಮಾಫಿಯಾಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ, ಒಟ್ಟಿಗೆ ಬಾಳಿದ ವರ್ಷಗಳಿಗೆ ಸಲ್ಲುವ ಪಾಲು ಋಣವೇ ಹೊರತು ದಾನವಲ್ಲ. ಧರ್ಮಸಭೆಯ ಕಾನೂನಿನಲ್ಲಿಯೂ ಇದಕ್ಕೆ ಹತ್ತಿರವಾದ ವಿವೇಕವಿದೆ. ಮದುವೆಯೊಂದು ಮೊದಲಿನಿಂದಲೇ ಅಸಿಂಧುವೆಂದು ನಮ್ಮ ನ್ಯಾಯಪೀಠವು ತೀರ್ಪು ನೀಡುವಾಗಲೂ, ಪರಸ್ಪರರ ಹಾಗೂ ಮಕ್ಕಳ ಪೋಷಣೆಯ ವಿಷಯದಲ್ಲಿ ಇರಬಹುದಾದ ನೈತಿಕ ಮತ್ತು ನಾಗರಿಕ ಹೊಣೆಯನ್ನು ಇಬ್ಬರಿಗೂ ನೆನಪಿಸಬೇಕೆಂದು 1691ನೆಯ ನಿಯಮ ವಿಧಿಸುತ್ತದೆ. ಬಂಧವೇ ಇರಲಿಲ್ಲವೆಂದು ತೀರ್ಪಾದರೂ ಬಾಳಿದ ವರ್ಷಗಳು ಇದ್ದೇ ಇದ್ದವು.

ನಮ್ಮ ದೇಶದಲ್ಲಿ ವಿಚ್ಛೇದಿತ ಪತ್ನಿಗೆ ಈ ಅರ್ಧ ಮನ್ನಣೆಯೂ ಇಲ್ಲ. ಕೇಂದ್ರ ಸರಕಾರಿ ನೌಕರರ ನಿಯಮದಂತೆ ವಿಚ್ಛೇದನವಾದೊಡನೆ ಅವಳು ಕುಟುಂಬ ಪಿಂಚಣಿಯ ಹಕ್ಕಿನಿಂದ ಹೊರಗುಳಿಯುತ್ತಾಳೆ. ನ್ಯಾಯಾಲಯ ವಿಧಿಸುವ ಜೀವನಾಂಶವೇ ಗತಿ. ಆದರೆ ವಿಚ್ಛೇದಿತ ಮಗಳಿಗೆ ತಂದೆ ತಾಯಿಯರ ಲೆಕ್ಕದ ಕುಟುಂಬ ಪಿಂಚಣಿ ಷರತ್ತುಗಳೊಡನೆ ದೊರೆಯಬಹುದು. ಅದೂ ಮರುಮದುವೆಯವರೆಗೆ ಮಾತ್ರ. ವಿಧವೆ ಮರುಮದುವೆಯಾದರೆ ಅವಳ ಪಿಂಚಣಿ ನಿಂತು ಅರ್ಹ ಮಕ್ಕಳಿಗೆ ಹೋಗುತ್ತದೆ. ಮಕ್ಕಳಿಲ್ಲದ ವಿಧವೆಗೆ ಮಾತ್ರ ಆರನೆಯ ವೇತನ ಆಯೋಗದ ನಂತರ, ಬೇರೆ ಆದಾಯವು ಮಿತಿಯೊಳಗಿದ್ದರೆ, ಮರುಮದುವೆಯ ಮೇಲೂ ಮುಂದುವರಿಸುತ್ತಾರೆ. ಕಾರ್ಖಾನೆಯ ಕೆಲಸಗಾರರಿಗೆ ಅನ್ವಯಿಸುವ 1995ರ ನೌಕರರ ಪಿಂಚಣಿ ಯೋಜನೆಯಲ್ಲಿಯೂ ವಿಧವೆಯ ಪಿಂಚಣಿ ಮರಣದವರೆಗೆ ಇಲ್ಲವೇ ಮರುಮದುವೆಯವರೆಗೆ.

ಇದರ ಫಲ ಒಮ್ಮೊಮ್ಮೆ ಧರ್ಮಕೇಂದ್ರದ ಕಚೇರಿಗೂ ಬರುತ್ತದೆ. ಮಧ್ಯವಯಸ್ಸಿನ ಇಬ್ಬರು ಬಂದು, "ಫಾದರ್, ದೇವರ ಮುಂದೆ ನಮ್ಮನ್ನು ಆಶೀರ್ವದಿಸಿ, ಪುಸ್ತಕದಲ್ಲಿ ಮಾತ್ರ ಬರೆಯಬೇಡಿ" ಎಂದು ಕೇಳಿಕೊಂಡರೆ ಗುರುವು ಏನು ಹೇಳಬೇಕು? ಗುಪ್ತವಾಗಿ ವಿವಾಹ ನೆರವೇರಿಸಲು ಧರ್ಮಸಭೆಯಲ್ಲಿ ಅವಕಾಶವುಂಟು. ಆದರೆ ಗಂಭೀರವೂ ತುರ್ತೂ ಆದ ಕಾರಣವಿರಬೇಕು, ಧರ್ಮಾಧ್ಯಕ್ಷರ ಅನುಮತಿ ಬೇಕು, ಮತ್ತು ಆಗಲೂ ದಾಖಲೆ ತಪ್ಪದು. ಪಿಂಚಣಿ ಕಚೇರಿಯ ಕಣ್ಣು ತಪ್ಪಿಸುವುದಕ್ಕಾಗಿ ಇರುವ ದಾರಿ ಅದಲ್ಲ. ಅಲ್ಲದೆ ನಮ್ಮ ದೇವಾಲಯದಲ್ಲಿ ನಡೆಯುವ ಮದುವೆಗೆ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯ ಮನ್ನಣೆಯೂ ಇದೆ. ವರ್ಷವರ್ಷವೂ ಮರುಮದುವೆಯಾಗಿಲ್ಲವೆಂದು ಸಹಿ ಹಾಕಿ ಪಡೆಯುವ ಹಣ, ಕಾನೂನು ಎಷ್ಟೇ ಕಟುವಾಗಿರಲಿ, ಸುಳ್ಳಿನ ಹಣವೇ. ಕಾನೂನು ಬದಲಾಗಲೆಂದು ಒತ್ತಾಯಿಸುವ ಹಕ್ಕು ಅವಳಿಗಿದೆ. ಸುಳ್ಳು ಸಹಿ ಮಾಡುವ ಹಕ್ಕಿಲ್ಲ.

ಇಷ್ಟು ಹೇಳಿ ಅವಳನ್ನು ಕಳುಹಿಸಿಬಿಡುವುದು ಸುಲಭ. ತಿಂಗಳಿಗೆ ಒಂಬತ್ತು ಹತ್ತು ಸಾವಿರ ರೂಪಾಯಿ ಕೈಬಿಡುವವಳು ಅವಳು, ನಾವಲ್ಲ. ಸತ್ಯ ನುಡಿದುದಕ್ಕೆ ಬೆಲೆ ತೆರುವವಳು ಅವಳೊಬ್ಬಳೇ ಆದರೆ, ಆ ಸತ್ಯವನ್ನು ಕೇಳಿದ ಧರ್ಮಕೇಂದ್ರವು ಯಾವ ಮುಖದಿಂದ ಅವಳ ಮದುವೆಯ ಊಟಕ್ಕೆ ಹೋಗುತ್ತದೆ? ನಮ್ಮ ನಮ್ಮ ಧರ್ಮಕೇಂದ್ರಗಳಲ್ಲಿಯೂ ಸಹಾಯ ಪಡೆಯುವವರ ಪಟ್ಟಿಗಳಿವೆ. ವಿಧವೆಯೊಬ್ಬಳು ಮರುಮದುವೆಯಾದ ತಿಂಗಳೇ ಅವಳ ಹೆಸರಿನ ಮೇಲೆ ಗೆರೆ ಎಳೆಯುವ ಮುನ್ನ, ಅವಳ ಮೊದಲ ಮದುವೆಯ ಮಕ್ಕಳ ಶಾಲೆಯ ಫೀಸನ್ನು ಈ ವರ್ಷ ಯಾರು ಕಟ್ಟುತ್ತಾರೆ ಎಂದು ಕೇಳಿಕೊಂಡಿದ್ದೇವೆಯೇ?